ಕ್ಯಾಂಪ್ ಕಾರ್ಡ್ ಮಾರೋದು ಹೇಗೆ: ಅಮೆರಿಕದಲ್ಲಿರೋ ಕನ್ನಡದ ಸ್ಕೌಟ್ ಅಪ್ಪ-ಅಮ್ಮಂದಿರಿಗೆ ಸಮಗ್ರ ಮಾರ್ಗದರ್ಶಿ

ಜನವರಿ-ಫೆಬ್ರವರಿ ಬಂತು ಅಂದ್ರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈ ಪ್ರಶ್ನೆ ಶುರು, "ಮಗನ ಪ್ಯಾಕ್‌ನವ್ರು ಒಂದು ಕಟ್ಟು ಕ್ಯಾಂಪ್ ಕಾರ್ಡ್ ಕೈಗಿಟ್ಟಿದಾರೆ, ಏನ್ ಮಾಡೋದು ಇದನ್ನ?" (ಪ್ಯಾಕ್ ಅಂದ್ರೆ ಚಿಕ್ಕ ಸ್ಕೌಟ್ ಮಕ್ಕಳ ಗುಂಪು, ಕ್ಯಾಂಪ್ ಕಾರ್ಡ್ ಅಂದ್ರೆ ಕ್ಯಾಂಪ್ ಖರ್ಚಿಗೆ ಅಂತ ಮಕ್ಕಳು ಮಾರೋ ಡಿಸ್ಕೌಂಟ್ ಕಾರ್ಡ್.) ಕೆಲವ್ರು ಯಾಕೆ ತಲೆನೋವು ಅಂತ ಎಲ್ಲಾ ಕಾರ್ಡ್‌ಗೂ ತಾವೇ ದುಡ್ಡು ಕೊಟ್ಟು ಡ್ರಾಯರ್‌ಗೆ ಹಾಕ್ಬಿಡ್ತಾರೆ, ಇನ್ ಕೆಲವ್ರು ಆಫೀಸಿನ ಕಾಫಿ ಮಷೀನ್ ಪಕ್ಕ ಇಟ್ಟು ಬರ್ತಾರೆ, ಮಗುಗೆ ಕಾರ್ಡ್ ಯಾವ ಬಣ್ಣ ಅನ್ನೋದೂ ಗೊತ್ತಿರಲ್ಲ. ನನ್ ಪ್ರಕಾರ ಇದ್ರಲ್ಲಿ ಕೆಲಸ ಹಂಚ್ಕೊಳೋದು ಸಿಂಪಲ್. ಮಾರೋದು ಮಗು, ಲೆಕ್ಕ ಇಡೋದು ನಾವು. ಇದನ್ನ ಉಲ್ಟಾ ಮಾಡಿದ್ರೆ ಮಗು ಏನೂ ಕಲಿಯಲ್ಲ, ಕೊನೇಲಿ ಲೆಕ್ಕಾನೂ ತಾಳೆ ಆಗಲ್ಲ. ಹೇಗೆ ಅಂತ ಒಂದೊಂದಾಗಿ ಬರೀತೀನಿ, ಉದ್ದ ಆಗತ್ತೆ, ಪ್ಯಾಕ್‌ನಲ್ಲಿ ಇದರ ಜವಾಬ್ದಾರಿ ತಗೊಂಡೋರು ಪೂರ್ತಿ ಓದಿ, ಬರೀ ಪೇರೆಂಟ್ ಆಗಿದ್ರೆ ಮಗುಗೆ ಮಾತು ಹೇಳ್ಕೊಡೋದು, ಎಲ್ಲಿ ಮಾರೋದು ಅನ್ನೋ ಭಾಗ ಓದಿದ್ರೂ ಸಾಕು.

ಕಾರ್ಡ್ ಅಂದ್ರೆ ಏನು

ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಅಂತಿದ್ದ ಸಂಸ್ಥೆ 2025ರ ಫೆಬ್ರವರಿ 8ರಿಂದ ಸ್ಕೌಟಿಂಗ್ ಅಮೆರಿಕ ಆಗಿದೆ, 1910ರಲ್ಲಿ ಶುರುವಾಗಿದ್ದು. ದೇಶದ ತುಂಬ ಇದಕ್ಕೆ 200ಕ್ಕೂ ಹೆಚ್ಚು ಲೋಕಲ್ ಕೌನ್ಸಿಲ್‌ಗಳಿವೆ, ಅಂದ್ರೆ ಆಯಾ ಪ್ರದೇಶ ನೋಡ್ಕೊಳೋ ಶಾಖೆಗಳು, ಕೌನ್ಸಿಲ್ ಕೆಳಗೆ ಚಿಕ್ಕ ಮಕ್ಕಳ ಪ್ಯಾಕ್, ದೊಡ್ಡ ಮಕ್ಕಳ ಟ್ರೂಪ್. ವರ್ಷದಲ್ಲಿ ಎರಡು ದೊಡ್ಡ ಮಾರಾಟ ಇರತ್ತೆ, ಬೇಸಿಗೆ ಕಳೆದ ಮೇಲೆ ಪಾಪ್‌ಕಾರ್ನ್, ವಸಂತದಲ್ಲಿ ಕ್ಯಾಂಪ್ ಕಾರ್ಡ್. ಕ್ಯಾಂಪ್ ಕಾರ್ಡ್ ಅನ್ನೋದು ಕ್ರೆಡಿಟ್ ಕಾರ್ಡ್ ಥರದ ಪ್ಲಾಸ್ಟಿಕ್ ಡಿಸ್ಕೌಂಟ್ ಕಾರ್ಡ್. ಅದರಲ್ಲಿ ಸುತ್ತಮುತ್ತಲಿನ ಅಂಗಡಿ, ಹೋಟೆಲ್, ಕಾರ್ ವಾಶ್, ಆಯಿಲ್ ಚೇಂಜ್ ಮಾಡೋರು ಇವರೆಲ್ಲರ ಆಫರ್ ಪ್ರಿಂಟ್ ಆಗಿರತ್ತೆ. ಎರಡು ಥರ ಆಫರ್: ಕೆಲವು ಕಾರ್ಡಿನ ತುದೀಲಿ ಮುರಿದು ಕೊಡೋ ಒನ್-ಟೈಮ್ ಕೂಪನ್, ಉಳಿದಿದ್ದು ಎಕ್ಸ್‌ಪೈರಿ ತನಕ ಮತ್ತೆ ಮತ್ತೆ ತೋರ್ಸಿ ಬಳಸೋವಂಥದ್ದು.

ಬೆಲೆ ಹೆಚ್ಚಿನ ಕಡೆ 5 ಡಾಲರ್, ಕೆಲವು ಕೌನ್ಸಿಲ್‌ಗಳಲ್ಲಿ 10. ಸಾಮಾನ್ಯವಾಗಿ ಅದರ ಅರ್ಧ ನಿಮ್ ಪ್ಯಾಕ್‌ಗೆ ಅಥವಾ ಟ್ರೂಪ್‌ಗೆ, ಉಳಿದರ್ಧ ಕೌನ್ಸಿಲ್‌ಗೆ. ಎಲ್ಲಾ ಕೌನ್ಸಿಲ್‌ನಲ್ಲೂ ಇದೇ ಲೆಕ್ಕ ಅಂದ್ಕೋಬೇಡಿ, ಕಮಿಷನ್, ಕೊನೇ ದಿನ, ಯಾವ ಅಂಗಡಿ ಆಫರ್ ಎಲ್ಲಾ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ, ಡಲ್ಲಾಸ್‌ನಲ್ಲಿರೋ ಅಕ್ಕನ ಮನೇಲಿ ನೋಡಿದ ಕಾರ್ಡ್ ನ್ಯೂಜೆರ್ಸೀಲಿ ಕೆಲಸಕ್ಕೆ ಬರಲ್ಲ. ಒಳ್ಳೇ ವಿಷಯ ಅಂದ್ರೆ ಸಾಮಾನ್ಯವಾಗಿ ಮುಂಗಡ ಕೊಡ್ಬೇಕಾಗಿಲ್ಲ, ಕಾರ್ಡ್ ಸಾಲದ ಮೇಲೆ ಸಿಗತ್ತೆ, ಮಾರಾಟ ಆಗ್ದೇ ಇರೋದನ್ನ ಹೇಳಿದ ದಿನದೊಳಗೆ ಚೆನ್ನಾಗಿರೋ ಸ್ಥಿತಿಯಲ್ಲಿ ವಾಪಸ್ ಕೊಡಬಹುದು. ಈ "ವಾಪಸ್" ಅನ್ನೋದರಲ್ಲೇ ಎಲ್ಲರೂ ಎಡವೋದು, ಅದಕ್ಕೆ ಮುಂದೆ ಬರ್ತೀನಿ.

ಊರಲ್ಲಿ ಸ್ಕೂಲಲ್ಲಿದ್ದಾಗ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನಲ್ಲಿ ಇದ್ದೋರಿಗೆ ಖರೀ ಕಮಾಯಿ ನೆನಪಿರಬಹುದು, ಮನೆ ಮನೆಗೆ ಹೋಗಿ ಸಣ್ಣ ಪುಟ್ಟ ಕೆಲಸ ಮಾಡಿ ದುಡ್ಡು ತರೋದು. ಅಲ್ಲಿ ಮಗು ಮೈ ಬಗ್ಗಿಸಿ ದುಡಿದು ಕೊಡ್ತಿತ್ತು, ಇಲ್ಲಿ ಕಾರ್ಡ್ ಕೊಡತ್ತೆ. ಎರಡೂ ಕಡೆ ಮಗು ಕೈ ಚಾಚಿ ಬೇಡ್ತಾ ಇಲ್ಲ, ಏನೋ ಕೊಟ್ಟು ತಗೋತಿದೆ. ಇದನ್ನ ಮಗುಗೂ ಹೇಳಿ, ಮುಜುಗರ ಅರ್ಧ ಕಮ್ಮಿ ಆಗತ್ತೆ.

ಹಂತ 1: ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ

ಪ್ಯಾಕ್ ಕಮಿಟಿ ಮೀಟಿಂಗ್‌ನಲ್ಲಿ "ಎಷ್ಟಾಗತ್ತೋ ಅಷ್ಟು ಮಾರೋಣ" ಅಂದ್ರೆ ಯಾರೂ ಮಾರಲ್ಲ. ಒಂದು ಮಗುವಿನ ಲೆಕ್ಕದಿಂದ ಶುರು ಮಾಡಿ. 5 ಡಾಲರ್ ಕಾರ್ಡ್, ಅರ್ಧ ಕಮಿಷನ್ ಅಂದ್ರೆ ಕಾರ್ಡಿಗೆ 2.50. ಒಂದು ಮಗು 20 ಕಾರ್ಡ್ ಮಾರಿದ್ರೆ ಕೈಗೆ 100 ಡಾಲರ್ ಬರತ್ತೆ, ಅದರಲ್ಲಿ 50 ಪ್ಯಾಕಿಂದು. ಟ್ರೂಪ್‌ನ ಒಂದು ವಾರದ ಸಮ್ಮರ್ ಕ್ಯಾಂಪ್ ಫೀಸ್ 400 ಡಾಲರ್ ಅಂತ ಇಟ್ಕೊಂಡ್ರೆ, ಪೂರ್ತಿ ಕಾರ್ಡಿಂದಲೇ ತುಂಬಿಸ್ಬೇಕು ಅಂದ್ರೆ ಒಬ್ಬೊಬ್ರು 160 ಕಾರ್ಡ್ ಮಾರ್ಬೇಕು. ಆಗತ್ತಾ? ಕೆಲವು ಹುಡುಗ್ರು ಮಾರ್ತಾರೆ, ಹೆಚ್ಚಿನೋರ ಕೈಲಿ ಆಗಲ್ಲ. ಅದಕ್ಕೇ ಕಾರ್ಡಿಂದ ಫೀಸಿನ ಇಷ್ಟು ಭಾಗ ಅಂತ ಪ್ರಾಮಾಣಿಕವಾಗಿ ಹೇಳಿ. ಒಂದನೇ ಕ್ಲಾಸಿನ ಟೈಗರ್, ಎರಡನೇ ಕ್ಲಾಸಿನ ವುಲ್ಫ್ ಮಕ್ಕಳಿಗೆ ಡೇ ಕ್ಯಾಂಪ್ ಸಾಕು, ಅದರ ಫೀಸ್ ತುಂಬ ಕಮ್ಮಿ, ಅಲ್ಲಿ ಇದೇ ಕಾರ್ಡಿಂದ ದೊಡ್ಡ ಭಾಗ ಬಂದ್ಬಿಡತ್ತೆ. ನ್ಯೂ ಮೆಕ್ಸಿಕೋದಲ್ಲಿರೋ ಸ್ಕೌಟ್‌ಗಳ ದೊಡ್ಡ ಕ್ಯಾಂಪ್ ಫಿಲ್ಮಾಂಟ್‌ಗೆ ಹೋಗೋ ಟ್ರೂಪ್ ಆದ್ರೆ ಬರೀ ಕಾರ್ಡ್ ನೆಚ್ಕೊಂಡ್ರೆ ಆಗಲ್ಲ, ಪಾಪ್‌ಕಾರ್ನ್ ಸೀಸನ್‌ನಿಂದಲೇ ಕೂಡಿಡ್ತಾ ಬರ್ಬೇಕು.

ಹಂತ 2: ದುಡ್ಡು ಯಾರಿಗೆ, ಹೇಗೆ ಅನ್ನೋದು ಮಾರೋಕೆ ಮುಂಚೆ ತೀರ್ಮಾನ ಆಗ್ಲಿ

ಇದು ನಮ್ ಜನ ಜಾಸ್ತಿ ಜಗಳ ಆಡೋ ವಿಷಯ. "ನನ್ ಮಗಳು 60 ಕಾರ್ಡ್ ಮಾರಿದ್ಲು, ಪಕ್ಕದ ಮನೆಯವನು ಎರಡು, ಕ್ಯಾಂಪಿಗೆ ಇಬ್ರೂ ಒಂದೇ ಫೀಸ್ ಕಟ್ಟೋದಾ?" ಕೇಳೋದು ನ್ಯಾಯವೇ. ಆದ್ರೆ ಇಲ್ಲಿ ಟ್ಯಾಕ್ಸ್ ಕಾನೂನು ಅಡ್ಡ ಬರತ್ತೆ. ಲಾಭರಹಿತ ಸಂಸ್ಥೆ ಎತ್ತಿದ ದುಡ್ಡು ಖಾಸಗಿ ಲಾಭಕ್ಕೆ ಹೋಗಬಾರದು. ವರ್ಜೀನಿಯಾದ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ (ಮಕ್ಕಳ ಆಟಕ್ಕೆ ದುಡ್ಡು ಎತ್ತೋ ಪೇರೆಂಟ್ಸ್ ಸಂಘ)ನವ್ರು ಯಾರು ಎಷ್ಟು ದುಡ್ಡು ಎತ್ತಿದ್ರೋ ಅಷ್ಟು ಪಾಯಿಂಟ್ ಅವರ ಮಗುವಿನ ಫೀಸಿಗೇ ಕಳೀತಿದ್ರು. 2013ರಲ್ಲಿ ಅಮೆರಿಕದ ಟ್ಯಾಕ್ಸ್ ಕೋರ್ಟ್ ಇದು ಖಾಸಗಿ ಲಾಭ ಅಂತ ಹೇಳಿ, ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಆ ಕ್ಲಬ್ಬಿನ ತೆರಿಗೆ ವಿನಾಯಿತಿ ಕಿತ್ಕೊಂಡಿದ್ದು ಸರಿ ಅಂತ ತೀರ್ಪು ಕೊಡ್ತು. ಆಮೇಲಿಂದ ಸ್ಕೌಟ್ ಯೂನಿಟ್‌ಗಳಲ್ಲೂ ಮಗುಗೊಂದು "ಸ್ಕೌಟ್ ಅಕೌಂಟ್" ಇಟ್ಟು ಡಾಲರ್‌ಗೆ ಡಾಲರ್ ಜಮಾ ಮಾಡೋ ಪದ್ಧತಿ ಬಗ್ಗೆ ಎಚ್ಚರಿಕೆ ಶುರುವಾಯ್ತು.

ಹಾಗಂತ ಮಾರಿದ ಮಗುಗೆ ಏನೂ ಇಲ್ವಾ ಅಂದ್ರೆ, ಇದೆ. ಬಂದ ಕಮಿಷನ್ ಒಟ್ಟು ಸೇರ್ಸಿ ಕ್ಯಾಂಪಿಗೆ ಹೋಗೋ ಎಲ್ಲಾ ಮಕ್ಕಳ ಫೀಸೂ ಸಮನಾಗಿ ಕಮ್ಮಿ ಮಾಡಬಹುದು, ಬಸ್, ಟೆಂಟ್, ಸಾಮಾನಿಗೆ ಹಾಕಬಹುದು, ಕಷ್ಟ ಇರೋ ಮನೆ ಮಕ್ಕಳಿಗೆ ಸಹಾಯ ಇಡಬಹುದು, ಚೆನ್ನಾಗಿ ಮಾರಿದೋರಿಗೆ ಸಣ್ಣ ಬಹುಮಾನ ಕೊಡಬಹುದು. ಯಾವ್ದೇ ಆಗ್ಲಿ, ಒಂದು ಪುಟದಲ್ಲಿ ಬರೆದು ಕಮಿಟೀಲಿ ಒಪ್ಪಿ, ಪ್ಯಾಕ್‌ಗೆ ಚಾರ್ಟರ್ ಕೊಟ್ಟಿರೋ ಸಂಸ್ಥೆ, ಅಂದ್ರೆ ಚರ್ಚೋ ಸ್ಕೂಲಿನ ಪೇರೆಂಟ್ ಸಂಘವೋ ಯಾವುದೋ, ಅವರಿಗೂ ಕೌನ್ಸಿಲ್‌ಗೂ ತೋರ್ಸಿ. ಮೇ ತಿಂಗಳಲ್ಲಿ ಮಾತಾಡೋದನ್ನ ಜನವರೀಲೇ ಮಾತಾಡಿ, ಅಷ್ಟೇ.

ಹಂತ 3: ಕಾರ್ಡ್ ತಗೊಳೋದು, ಹಂಚೋದು

ಕೌನ್ಸಿಲ್‌ಗೆ ಎಷ್ಟು ಕಾರ್ಡ್ ಬೇಕು ಅಂತ ಹೇಳುವಾಗ ಆಸೆ ಪಡಬೇಡಿ. ಮೊದಲು ಕಮ್ಮಿ ತಗೊಳಿ, ಖಾಲಿ ಆದ್ರೆ ಇನ್ನೊಂದು ಕಂತು ಹೋಗಿ ತರಬಹುದು, ಜಾಸ್ತಿ ತಂದು ಎಲ್ರ ಮನೇಲೂ ಚೆಲ್ಲಾಪಿಲ್ಲಿ ಆದ್ರೆ ವಾಪಸ್ ಕಲೆಕ್ಟ್ ಮಾಡೋಕೆ ಜೀವ ಹೋಗತ್ತೆ. ಕೌನ್ಸಿಲ್ ಆಫೀಸಲ್ಲಿ ಸೈನ್ ಹಾಕೋಕೆ ಮುಂಚೆ ಅಲ್ಲೇ ನಿಂತು ಎಣಿಸಿ, ಅವರ ಮುಖ ನೋಡಿ ಸಂಕೋಚ ಪಡಬೇಡಿ.

ಮನೆ ಮನೆಗೆ ಹಂಚುವಾಗ ಒಂದು ಶೀಟ್: ಮಗುವಿನ ಹೆಸರು, ಕೊಟ್ಟ ಕಾರ್ಡ್ ಎಷ್ಟು, ತಾರೀಖು, ಅಪ್ಪ ಅಥವಾ ಅಮ್ಮನ ಸಹಿ, ವಾಪಸ್ ಬಂದ ದುಡ್ಡು, ವಾಪಸ್ ಬಂದ ಕಾರ್ಡ್. ಗೂಗಲ್ ಶೀಟ್ ಇದ್ರೂ ಸರಿ ಆದ್ರೆ ಸಹಿ ಮಾತ್ರ ಪೇಪರ್ ಮೇಲೇ ಇರ್ಲಿ. ಶುರುವಿಗೆ ತಲೆಗೆ 10 ಕಾರ್ಡ್, ಅದರ ದುಡ್ಡು ಬಂದ ಮೇಲೆ ಮುಂದಿನ 10. ಪ್ರತಿ ಪೇರೆಂಟ್‌ಗೂ ಬಾಯಿಬಿಟ್ಟು ಹೇಳ್ಬೇಕಾದ ಮಾತು ಒಂದಿದೆ, ಕಾರ್ಡ್ ಅಂದ್ರೆ ಕ್ಯಾಶ್. ಕಳೆದು ಹೋದ್ರೆ, ವಾಷಿಂಗ್ ಮಷೀನ್‌ಗೆ ಹೋದ್ರೆ, ಚಿಕ್ಕ ತಮ್ಮ ತುದಿ ಕೂಪನ್ ಮುರಿದು ಆಟ ಆಡಿದ್ರೆ, ಆ ಕಾರ್ಡ್ ವಾಪಸ್ ತಗೊಳಲ್ಲ, ಪೂರ್ತಿ 5 ಡಾಲರ್ ಕಟ್ಬೇಕು, ಬರೀ ಕೌನ್ಸಿಲ್ ಪಾಲಲ್ಲ. ಇದನ್ನ ಮೆಸೇಜ್‌ನಲ್ಲಿ ಹಾಕಿದ್ರೆ ಯಾರೂ ಓದಲ್ಲ, ಕಾರ್ಡ್ ಕೈಗೆ ಕೊಡುವಾಗ್ಲೇ ಹೇಳಿ.

ಹಂತ 4: ಮಗುಗೆ ಮಾತು ಕಲಿಸೋದು

ಇಲ್ಲಿ ಟೈಮ್ ಹಾಕಿ, ಉಳಿದಿದ್ದೆಲ್ಲಾ ತಾನಾಗೇ ಆಗತ್ತೆ. ಸ್ಕೌಟ್ ಲಾದಲ್ಲಿರೋ 12 ಗುಣಗಳಲ್ಲಿ "ಥ್ರಿಫ್ಟಿ" ಅನ್ನೋದೂ ಒಂದು, ತನ್ನ ಖರ್ಚಿಗೆ ತಾನೇ ದುಡಿಯೋದು ಅದರಲ್ಲೇ ಬರತ್ತೆ. ಅಪ್ಪ ಮಾರಿ ಮಗು ಪಕ್ಕದಲ್ಲಿ ಐಪ್ಯಾಡ್ ನೋಡ್ತಾ ಕೂತ್ರೆ ಜನ ಕೊಳ್ಳೋದೂ ಇಲ್ಲ, ಇದಂತೂ ನೀವೇ ಅಂಗಡಿ ಮುಂದೆ ನಿಂತು ನೋಡಿದ್ರೆ ಗೊತ್ತಾಗತ್ತೆ, ಏಳು ವರ್ಷದ ಮಗು ಯೂನಿಫಾರ್ಮ್ ಹಾಕ್ಕೊಂಡು ಕಣ್ಣಿಗೆ ಕಣ್ಣಿಟ್ಟು ಮಾತಾಡಿದ್ರೆ ನಿಲ್ಲೋ ಜನ, ನಲವತ್ತು ವರ್ಷದ ಗಂಡಸು ಕರೆದ್ರೆ ಫೋನ್ ಕಿವಿಗಿಟ್ಕೊಂಡು ಹೋಗ್ಬಿಡ್ತಾರೆ.

ಮಾತು ನಾಲ್ಕೇ ತುಂಡು ಇರ್ಲಿ. ಹೆಸರು ಮತ್ತು ಪ್ಯಾಕ್, ಯಾಕೆ ದುಡ್ಡು, ಕಾರ್ಡಿಂದ ನಿಮಗೇನು, ಎಷ್ಟು ಬೇಕು. ಕನ್ನಡ ಕೂಟದಲ್ಲಿ ಮಾರೋದಾದ್ರೆ ಹೀಗೆ: "ನಮಸ್ಕಾರ ಆಂಟಿ, ನಾನು ವುಲ್ಫ್ ಸ್ಕೌಟ್. ಈ ಬೇಸಿಗೇಲಿ ಕ್ಯಾಂಪಿಗೆ ಹೋಗೋಕೆ ನಮ್ ಪ್ಯಾಕ್‌ನವ್ರೆಲ್ಲಾ ಈ ಕಾರ್ಡ್ ಮಾರ್ತಿದೀವಿ. ಇದು 5 ಡಾಲರ್, ನೀವು ಒಂದ್ಸಲ ಪಿಜ್ಜಾ ತಗೊಂಡ್ರೆ ಅಷ್ಟೂ ವಾಪಸ್ ಬಂದ್ಬಿಡತ್ತೆ. ಒಂದು ಕೊಡ್ಲಾ, ಎರಡು ಕೊಡ್ಲಾ?" ಕೊನೇ ಪ್ರಶ್ನೆ ಮುಖ್ಯ. "ತಗೋತೀರಾ?" ಅಂದ್ರೆ ಬೇಡ ಅನ್ನೋಕೆ ಸುಲಭ.

ಪಿಜ್ಜಾ ಅಂತ ಯಾಕಂದೆ ಅಂದ್ರೆ, ಕಾರ್ಡಲ್ಲಿರೋ ಯಾವ ಆಫರ್ ಮುಂದೆ ಮಾಡ್ಬೇಕು ಅನ್ನೋದು ಎದುರಿಗೆ ಇರೋರ ಮೇಲೆ ಇರತ್ತೆ. ಸಸ್ಯಾಹಾರಿ ಆಂಟಿಗೆ ಫ್ರೈಡ್ ಚಿಕನ್ ಕೂಪನ್ ತೋರ್ಸಿದ್ರೆ ನಗ್ತಾ ಬೇಡ ಪುಟ್ಟಾ ಅಂತಾರೆ, ಅದೇ ಕಾರ್ಡಲ್ಲಿ ದಿನಸಿ ಅಂಗಡಿ ಆಫರ್ರೋ ಆಯಿಲ್ ಚೇಂಜೋ ಇದ್ರೆ ಅದನ್ನ ತೋರ್ಸಿದ್ರೆ ಪರ್ಸ್ ತೆಗೀತಾರೆ. ಒಂದೇ ಸಲಕ್ಕೆ 5 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಉಳಿಸೋ ಆಫರ್ ಕಾರ್ಡಲ್ಲಿ ಯಾವ್ದು ಅಂತ ಮೊದಲೇ ಹುಡುಕಿ, ಅದನ್ನ ಮಗುಗೆ ಬಾಯಿಪಾಠ ಮಾಡ್ಸಿ. ಅಂಥ ಒಂದೂ ಆಫರ್ ಇಲ್ಲದ ಕಾರ್ಡ್ ಮಾರೋದು ಕಷ್ಟ, ಸುಳ್ಳು ಹೇಳೋಕಾಗಲ್ಲ. ಎಕ್ಸ್‌ಪೈರಿ ತಾರೀಖು, "ಇಂತಿಷ್ಟು ಡಾಲರ್ ಖರೀದಿ ಮಾಡಿದ್ರೆ ಮಾತ್ರ" ಅನ್ನೋ ಸಣ್ಣಕ್ಷರದ ಷರತ್ತು, ಯಾವ ಬ್ರಾಂಚ್‌ಗಳಲ್ಲಿ ನಡೆಯತ್ತೆ ಅನ್ನೋದೂ ಮಗುಗೆ ಗೊತ್ತಿರ್ಲಿ, ಕೇಳಿದಾಗ ಅಪ್ಪನ ಮುಖ ನೋಡ್ಬಾರ್ದು.

ಪ್ರಾಕ್ಟೀಸ್ ಮನೇಲೇ. ಊರಿಂದ ಅಜ್ಜಿ-ತಾತ ಬಂದಿದ್ರೆ ಅವರೇ ಗಿರಾಕಿ, ತಾತ ಬೇಕಂತ್ಲೇ ಚೌಕಾಸಿ ಮಾಡ್ಲಿ, ಅಜ್ಜಿ ಬೇಡ ಅನ್ಲಿ. ಬೇಡ ಅಂದಾಗ "ಪರ್ವಾಗಿಲ್ಲ, ಥ್ಯಾಂಕ್ ಯು" ಅಂತ ನಗ್ತಾ ಹೇಳೋದು ಕಲಿಯೋಕೇ ಎರಡು ದಿನ ಬೇಕಾಗತ್ತೆ ಕೆಲವು ಮಕ್ಕಳಿಗೆ, ಅಳ್ತಾವೆ ಕೂಡ. ಬಿಡಿ, ಬಲವಂತ ಮಾಡ್ಬೇಡಿ, ತುಂಬ ನಾಚ್ಕೋಳೋ ಮಗುಗೆ ಕಾರ್ಡ್ ಎತ್ತಿ ಕೊಡೋದು, ಚಿಲ್ಲರೆ ಎಣಿಸೋದು ವಹಿಸಿ, ಮಾತಾಡೋಕೆ ಜೊತೆಗಾರ ಇರ್ತಾನೆ.

ಹಂತ 5: ಎಲ್ಲಿ ಮಾರೋದು

ಅಂಗಡಿ ಮುಂದೆ ಟೇಬಲ್ ಹಾಕೋದು ಎಲ್ಲಕ್ಕಿಂತ ಜಾಸ್ತಿ ಮಾರಾಟ ಆಗೋ ದಾರಿ, ಜಾಗ ಸಿಗೋದೂ ಅಷ್ಟೇ ಕಷ್ಟ. ಮ್ಯಾನೇಜರ್ ಹತ್ರ ವಾರದ ದಿನ ಮಧ್ಯಾಹ್ನ ಖುದ್ದಾಗಿ ಹೋಗಿ ಕೇಳಿ, ದೊಡ್ಡ ಚೈನ್‌ಗಳಲ್ಲಿ ಆನ್‌ಲೈನ್ ಬುಕಿಂಗ್ ಕೂಡ ಇರತ್ತೆ. ಒಂದು ವಿಷಯ ಗಮನದಲ್ಲಿರ್ಲಿ, ಗರ್ಲ್ ಸ್ಕೌಟ್ಸ್ ಕುಕೀ ಸೀಸನ್ನೂ ಜನವರಿಯಿಂದ ಏಪ್ರಿಲ್, ಅದೇ ಅಂಗಡಿ, ಅದೇ ಬಾಗಿಲು. ಕುಕೀ ಎಲ್ರಿಗೂ ಗೊತ್ತು, ಜನ ತಾವೇ ಹುಡುಕ್ಕೊಂಡ್ ಬರ್ತಾರೆ, ಕಾರ್ಡ್ ವಿವರಿಸಿ ಹೇಳ್ಬೇಕು. ಪಕ್ಕ ಪಕ್ಕ ನಿಂತ್ರೆ ಸೋಲು ನಿಮ್ದೇ. ಶನಿವಾರ ಬೆಳಗ್ಗೆ ಅವ್ರಿದ್ರೆ ನೀವು ಭಾನುವಾರ ತಗೊಳಿ, ಅಥವಾ ಕಾರ್ಡಲ್ಲಿ ಆಫರ್ ಕೊಟ್ಟಿರೋ ಅಂಗಡಿ ಮುಂದೆಯೇ ನಿಲ್ಲೋಕೆ ಕೇಳಿ, "ಈಗ್ಲೇ ಒಳಗೆ ಹೋಗಿ ಬಳಸಿ" ಅನ್ನೋ ಅಷ್ಟು ಒಳ್ಳೇ ಮಾತು ಇನ್ನೊಂದಿಲ್ಲ.

ಶಿಫ್ಟ್ ಎರಡು ಗಂಟೆ ಸಾಕು, ಒಂದು ಸಲಕ್ಕೆ ಇಬ್ರು ಅಥವಾ ಮೂರು ಮಕ್ಕಳು, ಎಂಟು ಮಕ್ಕಳು ನಿಂತ್ರೆ ಅವರವರೇ ಆಟ ಆಡ್ಕೊಂಡು ಬಾಗಿಲು ಬ್ಲಾಕ್ ಮಾಡ್ತಾರೆ. ಮಾರ್ಚ್‌ನಲ್ಲಿ ಶಿಕಾಗೋ, ಮಿನಿಯಾಪೊಲಿಸ್ ಕಡೆ ಹಿಮ ಇನ್ನೂ ಇರತ್ತೆ, ಬೆಚ್ಚಗಿನ ಬಟ್ಟೆ ಒಳಗೆ ಹಾಕಿ ಯೂನಿಫಾರ್ಮ್ ಶರ್ಟ್ ಮೇಲೆ ಕಾಣೋ ಹಾಗೆ ಹಾಕ್ಸಿ, ಜಾಕೆಟ್ ಒಳಗೆ ಯೂನಿಫಾರ್ಮ್ ಮುಚ್ಚಿಹೋದ್ರೆ ಇವ್ರು ಯಾರು ಅಂತ ಜನಕ್ಕೆ ಗೊತ್ತಾಗಲ್ಲ.

ಕನ್ನಡದೋರಿಗೆ ಇಲ್ಲೊಂದು ಅನುಕೂಲ ಇದೆ. ಯುಗಾದಿ ಬೀಳೋದು ಸರಿಯಾಗಿ ಮಾರ್ಚ್-ಏಪ್ರಿಲ್‌ನಲ್ಲಿ, ಕಾರ್ಡ್ ಸೀಸನ್ನಿನ ನಡುವೆ, ಕನ್ನಡ ಕೂಟದ ಕಾರ್ಯಕ್ರಮಕ್ಕೆ ಸುತ್ತಮುತ್ತಲಿನ ಮನೆಯೋರೆಲ್ಲಾ ಬರ್ತಾರೆ. ಕೂಟದ ಕಮಿಟಿಗೆ ಮೊದಲೇ ಬರೆದು ಒಪ್ಪಿಗೆ ತಗೊಳಿ, ಊಟದ ಸಾಲಿನ ಹತ್ರ ಒಂದು ಸಣ್ಣ ಟೇಬಲ್ ಸಾಕು. ಊಟಕ್ಕೆ ಮುಂಚೆ ಜನ ಹಸಿದಿರ್ತಾರೆ, ಊಟ ಆದ ಮೇಲೆ ಬಿಡುವಾಗಿ ನಿಂತು ಮಾತಾಡ್ತಾರೆ, ಆಗ ಮಾರಿ. ದೇವಸ್ಥಾನದಲ್ಲಿ ಮಾರೋಕೆ ಮಾತ್ರ ನಾನು ಹಿಂಜರೀತೀನಿ, ಟ್ರಸ್ಟಿನೋರು ಸ್ಪಷ್ಟವಾಗಿ ಹೂಂ ಅಂದ್ರೆ ಸರಿ, ಇಲ್ಲಾಂದ್ರೆ ಪಾರ್ಕಿಂಗ್ ಲಾಟಲ್ಲೂ ಬೇಡ.

ಮನೆ ಬಾಗಿಲಿಗೆ ಹೋಗೋದಾದ್ರೆ ನಿಮ್ಮ ಬೀದಿ, ಗೊತ್ತಿರೋ ಮನೆಗಳು. "ನೋ ಸಾಲಿಸಿಟಿಂಗ್" ಬೋರ್ಡ್ ಇದ್ರೆ ಬೆಲ್ ಒತ್ತಬೇಡಿ, ಕೆಲವು ಊರುಗಳಲ್ಲಿ, ಎಚ್‌ಓಎಗಳಲ್ಲಿ (ಬಡಾವಣೆಯ ಮನೆ ಮಾಲೀಕರ ಸಂಘ) ಇದಕ್ಕೇ ನಿಯಮ ಇರತ್ತೆ, ನೋಡ್ಕೊಳಿ. ಆಫೀಸಲ್ಲಿ ಮಾರೋಕೆ ಕಂಪನಿ ಒಪ್ಪಿದ್ರೆ, ಕಾರ್ಡ್ ಜೊತೆ ಮಗು ಕೈಯಾರೆ ಬರೆದ ಒಂದು ಚೀಟಿ ಇಡಿ. ವಾಟ್ಸಾಪ್ ಗ್ರೂಪಲ್ಲಿ ಹಾಕೋದಿದ್ರೆ ಬರೀ ಕಾರ್ಡ್ ಫೋಟೋ ಹಾಕಿ, ಮಗುವಿನ ಪೂರ್ತಿ ಹೆಸರು, ಸ್ಕೂಲು, ಫೋಟೋ ಹಾಕ್ಬೇಡಿ.

ಹಂತ 6: ಸೇಫ್ಟಿ

ಇದರಲ್ಲಿ ರಾಜಿ ಇಲ್ಲ. ಸ್ಕೌಟಿಂಗ್‌ನ ಯಾವ ಕಾರ್ಯಕ್ರಮಕ್ಕೂ 21 ವರ್ಷ ತುಂಬಿದ, ರಿಜಿಸ್ಟರ್ ಆದ ಇಬ್ಬರು ಲೀಡರ್ ಇರ್ಲೇಬೇಕು, ಹೆಣ್ಣುಮಕ್ಕಳು ಇದ್ರೆ ರಿಜಿಸ್ಟರ್ ಆದ ಮಹಿಳಾ ಲೀಡರ್ ಒಬ್ರು ಇರ್ಬೇಕು. ಅಂಗಡಿ ಮುಂದಿನ ಪ್ಯಾಕ್ ಟೇಬಲ್‌ಗೂ ಇದೇ ರೂಲ್. ಊರಿಂದ ಬಂದಿರೋ ತಾತ ಪಕ್ಕದಲ್ಲಿ ಕೂತಿದ್ರೆ ಖುಷಿ, ಆದ್ರೆ ಅವ್ರು ಈ ಲೆಕ್ಕಕ್ಕೆ ಬರಲ್ಲ. ಮಕ್ಕಳು ಜೋಡೀಲೇ ಇರ್ಬೇಕು, ಯಾರ ಮನೆ ಒಳಗೂ ಹೋಗ್ಬಾರ್ದು, ಕಾರ್ ಕಿಟಕಿ ಹತ್ರ ಹೋಗಿ ಮಾರ್ಬಾರ್ದು, ಕ್ಯಾಶ್ ಬಾಕ್ಸ್ ದೊಡ್ಡೋರ ಕೈಲಿ.

ಹಂತ 7: ದುಡ್ಡು ತಗೊಳೋದು

ಇಲ್ಲಿ ಜೇಬಲ್ಲಿ ಕ್ಯಾಶ್ ಇಟ್ಕೊಂಡು ಓಡಾಡೋರು ಕಮ್ಮಿ, ಕ್ಯಾಶ್ ಮಾತ್ರ ಅಂತ ಕೂತ್ರೆ ಗಿರಾಕಿ ಹೋಗ್ಬಿಡ್ತಾರೆ. ಕ್ರೆಡಿಟ್ ಕಾರ್ಡ್ ಸ್ವೈಪ್ ಮಾಡೋ ರೀಡರ್ ಅಥವಾ ಕ್ಯೂಆರ್ ಕೋಡ್ ಇಟ್ಕೊಳಿ, ಅದು ಪ್ಯಾಕ್‌ನ ಬ್ಯಾಂಕ್ ಅಕೌಂಟ್‌ಗೇ ಹೋಗ್ಬೇಕು, ಯಾರ್ದೋ ಸ್ವಂತ ವೆನ್ಮೋಗೆ ಅಲ್ಲ. ಒಳ್ಳೇ ಮನಸ್ಸಿಂದ್ಲೇ "ನನ್ ಅಕೌಂಟ್‌ಗೆ ಹಾಕ್ಸಿ ಆಮೇಲೆ ಕೊಡ್ತೀನಿ" ಅಂತಾರೆ, ಬೇಡ ಅನ್ನಿ, ಲೆಕ್ಕ ಬಿಡಿಸೋಕಾಗಲ್ಲ. ಸ್ವೈಪ್ ಫೀ ನೆನಪಿಡಿ, ಪರ್ಸೆಂಟೇಜ್ ಜೊತೆ ಪ್ರತಿ ಸ್ವೈಪ್‌ಗೂ ಕೆಲವು ಸೆಂಟ್ ಇರತ್ತೆ, 5 ಡಾಲರ್‌ನಲ್ಲಿ ಅದು ಚಿಕ್ಕದು ಅನ್ಸತ್ತೆ ಆದ್ರೆ ಕಳೆಯೋದು ನಿಮ್ಮ 2.50ರಿಂದ. ಒಂದೇ ಸ್ವೈಪಲ್ಲಿ ಎರಡು ಕಾರ್ಡ್ ಮಾರಿದ್ರೆ ಆ ಸೆಂಟ್ ಒಂದೇ ಸಲ ಹೋಗತ್ತೆ, "ಎರಡು ಕೊಡ್ಲಾ?" ಅನ್ನೋಕೆ ಇನ್ನೊಂದು ಕಾರಣ. ಕ್ಯಾಶ್‌ಗೆ 20 ಡಾಲರ್ ನೋಟೇ ಜಾಸ್ತಿ ಬರತ್ತೆ, 5 ಡಾಲರ್ ನೋಟು ಸಾಕಷ್ಟು ಇಟ್ಕೊಂಡು ಹೋಗಿ.

ಯಾರಾದ್ರೂ "ಕಾರ್ಡ್ ಬೇಡ, ದುಡ್ಡು ಇಟ್ಕೊ" ಅಂದ್ರೆ ಥ್ಯಾಂಕ್ಸ್ ಹೇಳಿ ತಗೊಳಿ, ಶೀಟಲ್ಲಿ ಬೇರೆ ಕಾಲಂನಲ್ಲಿ ಬರೀರಿ, ಇಲ್ಲಾಂದ್ರೆ ರಾತ್ರಿ ದುಡ್ಡು ಜಾಸ್ತಿ ಕಾರ್ಡ್ ಕಮ್ಮಿ ಅಂತ ತಲೆ ಕೆಡತ್ತೆ. ಆದ್ರೆ ಮಗು ತಾನಾಗಿ ಡೊನೇಶನ್ ಕೇಳೋದು ಬೇಡ, ಡಬ್ಬ ಇಟ್ಕೊಂಡು ಕೂರೋದಂತೂ ಬೇಡವೇ ಬೇಡ. ಶಿಫ್ಟ್ ಮುಗಿದ ತಕ್ಷಣ ಅಲ್ಲೇ ಇಬ್ರು ದೊಡ್ಡೋರು ಎಣಿಸಿ: ತಂದ ಕಾರ್ಡ್, ಉಳಿದ ಕಾರ್ಡ್, ಕ್ಯಾಶ್, ಸ್ವೈಪ್, ಇಬ್ರದೂ ಸಹಿ.

ಹಂತ 8: ವಾಪಸ್ ಮತ್ತು ಸೆಟಲ್‌ಮೆಂಟ್

ಕೌನ್ಸಿಲ್ ಕೊನೇ ದಿನ ಮೇ ತಿಂಗಳಲ್ಲಿ ಇದ್ರೆ ನಿಮ್ ಪ್ಯಾಕ್‌ಗೆ ಅದಕ್ಕಿಂತ ಎರಡು ವಾರ ಮುಂಚಿನ ದಿನ ಹೇಳಿ, ನಿಜವಾದ ದಿನ ಯಾರಿಗೂ ಹೇಳ್ಬೇಡಿ. ನಮ್ ಜನಕ್ಕೆ ಡೆಡ್‌ಲೈನ್ ಅಂದ್ರೆ ಅವತ್ತು ರಾತ್ರಿ ಶುರು ಮಾಡೋ ದಿನ. ಕೌನ್ಸಿಲ್ ದಿನ ದಾಟಿದ್ರೆ ಉಳಿದ ಅಷ್ಟೂ ಕಾರ್ಡ್ ಪ್ಯಾಕ್ ತಲೆ ಮೇಲೇ ಬರತ್ತೆ. 100 ಕಾರ್ಡ್ ಹಾಗೆ ಉಳಿದ್ರೆ ಕೌನ್ಸಿಲ್ ಪಾಲೇ 250 ಡಾಲರ್ ಕೈಯಿಂದ ಕಟ್ಬೇಕು, ಅದು ಬರೋದು ಇನ್ನೊಂದು 100 ಕಾರ್ಡ್ ಮಾರಿ ಬಂದ ಕಮಿಷನ್ನಿಂದ.

ಪ್ರತಿ ವಾರ ಡೆನ್ (ಪ್ಯಾಕ್ ಒಳಗಿನ ಒಂದೇ ಕ್ಲಾಸಿನ ಮಕ್ಕಳ ಸಣ್ಣ ಗುಂಪು) ಮೀಟಿಂಗ್‌ನಲ್ಲಿ ಐದು ನಿಮಿಷ ಇದಕ್ಕೇ ಇಡಿ, ಮಗು ತಾನೇ ದುಡ್ಡು ತಂದು ಕೊಡ್ಲಿ, ತಾನೇ ಶೀಟಲ್ಲಿ ತನ್ನ ಸಾಲು ತುಂಬ್ಲಿ. ಮೂರನೇ ಕ್ಲಾಸಿನ ಬೇರ್ ಮಗುಗೆ 14 ಐದ್ಲಿ ಎಷ್ಟು ಅಂತ ಅಲ್ಲೇ ಕೇಳಿ. ವಾಪಸ್ ಕೊಡೋ ಕಾರ್ಡ್‌ನ 25ರ ಕಟ್ಟು ಮಾಡಿ, ತುದಿ ಕೂಪನ್ ಎಲ್ಲಾ ಇದ್ಯಾ ಅಂತ ಒಂದೊಂದೂ ನೋಡಿ ರಬ್ಬರ್ ಬ್ಯಾಂಡ್ ಹಾಕಿ ಕೌನ್ಸಿಲ್ ಆಫೀಸ್‌ಗೆ ತಗೊಂಡ್ ಹೋಗಿ, ರಸೀದಿ ಇಲ್ಲದೆ ಅಲ್ಲಿಂದ ಹೊರಡಬೇಡಿ.

ದುಡ್ಡು ಕಟ್ಟಿ ಆದ ಮೇಲೆ ಟ್ರೆಷರರ್ ಒಂದು ಪುಟದ ಲೆಕ್ಕ ಎಲ್ಲಾ ಮನೆಗೂ ಕಳಿಸ್ಲಿ, ಎಷ್ಟು ಮಾರಿದ್ವಿ, ಕೌನ್ಸಿಲ್‌ಗೆ ಎಷ್ಟು, ಸ್ವೈಪ್ ಫೀ ಎಷ್ಟು, ಕ್ಯಾಂಪ್ ಫೀಸ್ ತಲೆಗೆ ಎಷ್ಟು ಕಮ್ಮಿ ಆಯ್ತು. ಕ್ಯಾಂಪಿನ ಅರ್ಲಿ ಫೀಸ್ ದಿನಾಂಕ ಎಷ್ಟೋ ಸಲ ಕಾರ್ಡ್ ಸೆಟಲ್‌ಮೆಂಟ್‌ಗಿಂತ ಮುಂಚೇನೇ ಬರತ್ತೆ, ಅಲ್ಲಿ ತನಕ ಪೇರೆಂಟ್ಸ್ ಪೂರ್ತಿ ಕಟ್ಟಿ ಆಮೇಲೆ ವಾಪಸ್ ತಗೊಳೋದಾ, ಪ್ಯಾಕ್ ಮುಂಗಡ ಕಟ್ಟೋದಾ ಅಂತ ಟ್ರೆಷರರ್ ಹತ್ರ ಫೆಬ್ರವರೀಲೇ ಕೇಳಿಟ್ಕೊಳಿ. 72 ಗಂಟೆಗಿಂತ ಜಾಸ್ತಿ ಇರೋ ಕ್ಯಾಂಪಾದ್ರೆ ಡಾಕ್ಟರ್ ಸಹಿ ಮಾಡಿದ ಹೆಲ್ತ್ ಫಾರ್ಮ್ ಕೂಡ ಬೇಕು, ಮೇನಲ್ಲಿ ಅಪಾಯಿಂಟ್‌ಮೆಂಟ್ ಹುಡುಕಿದ್ರೆ ಸಿಗೋದು ಕಷ್ಟ, ಕಾರ್ಡ್ ಕೈಗೆ ಬಂದ ವಾರಾನೇ ಅದಕ್ಕೂ ಫೋನ್ ಮಾಡ್ಬಿಡಿ.